ಮೊದಲು ಶ್ರೀ, ಆಮೇಲೆ ಎಂಟರ್

ಅಕ್ಕನ ಹಣೆಯ ಕುಂಕುಮ ಕಂಪ್ಯೂಟರಿನ ಗಾಜಿಗೆ ಅಂಟುತ್ತಿತ್ತು. ಅಷ್ಟು ಹತ್ತಿರಕ್ಕೆ ಮುಖ ತಂದರೂ ಮೌಸಿನ ಬಾಣ ಅವರಿಗೆ ಕಾಣುತ್ತಿರಲಿಲ್ಲ. ನುಂಗಂಬಾಕ್ಕಂನ ನಮ್ಮ ವಿಮಾ ಕಚೇರಿಯಲ್ಲಿ ತಮಿಳರಿಗೆಲ್ಲ ಅವರು ಮಾಮಿ. ಕನ್ನಡದವಳಾದ ನನಗೊಬ್ಬಳಿಗೆ ಅಕ್ಕ. ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದು ಕಚೇರಿಯಲ್ಲಿ ನಮ್ಮಿಬ್ಬರಿಗೇ ಗೊತ್ತಿತ್ತು. ಗಂಡ ಹಾಸಿಗೆ ಹಿಡಿದಿದ್ದರು, ಮಗಳ ಓದು ಮುಗಿದಿರಲಿಲ್ಲ.

"ಈ ಕುರ್ಚಿ ಹೋದ್ರೆ ನಾವು ಮೂವರೂ ಬೀದಿಗೆ ಕಣೇ," ಎನ್ನುತ್ತಿದ್ದರು.

ಮೌಸ್ ಬಿಟ್ಟು ಕೆಲಸ ಮಾಡುವ ದಾರಿಯನ್ನು ಅವರೇ ಹುಡುಕಿಕೊಂಡರು. ಆಗಷ್ಟೇ ಹೊಸ ಕಂಪ್ಯೂಟರುಗಳು ಬಂದಿದ್ದವು. ಕಿಟಕಿಯ ಚಿತ್ರವಿದ್ದ ಕೀ ಒತ್ತಿ, ಬೇಕಾದುದರ ಹೆಸರಿನ ಮೊದಲ ಅಕ್ಷರಗಳನ್ನು ಬಡಿದು ಎಂಟರ್ ಒತ್ತಿದರೆ ಸಾಕು, ಅದು ತೆರೆದುಕೊಳ್ಳುತ್ತಿತ್ತು. ನನಗೂ ಅವರೇ ಕಲಿಸಿದರು.

ಫೈಲುಗಳಲ್ಲಿ ಮಾತ್ರ ಎಡವಟ್ಟಾಯಿತು. ಶ್ರೀ ಬರೆಯದೆ ಯಾವ ಹಾಳೆಯನ್ನೂ ಶುರುಮಾಡದ ವೈಷ್ಣವರ ಮನೆ ಅವರದು. ಕಂಪ್ಯೂಟರಿನಲ್ಲೂ ಪ್ರತಿ ಫೈಲಿನ ಹೆಸರಿಗೆ ಮುಂದೊಂದು ಶ್ರೀ ಅಂಟಿಸಿಬಿಟ್ಟಿದ್ದರು. ಒಂದು ದಿನ ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತು ಒಂದು ಫೈಲು ಕೇಳಿದರು. ಅಕ್ಕ ಶ್ರೀ ಎಂದು ಬಡಿದದ್ದೇ ತಡ, ಪರದೆ ತುಂಬ ಶ್ರೀಗಳ ಸಾಲು! ಅದರಲ್ಲಿ ಯಾವುದು ಯಾವುದೆಂದು ಪಾಪ ಅವರಿಗೆಲ್ಲಿ ಕಾಣಬೇಕು?

"ಎನ್ನ ಮಾಮಿ, ಕಣ್ಣು ತೆರಿಯಲೆಯಾ?" ಎಂದರು ಮ್ಯಾನೇಜರು. ಕಣ್ಣು ಕಾಣುವುದಿಲ್ಲವೇ ಎಂದು ಅವರು ಕೇಳಿದ್ದು ತಮಾಷೆಗೇ. ಆ ಫೈಲು ನನ್ನಲ್ಲಿದೆ ಸಾರ್ ಎಂದು ನಾನು ಓಡಿಹೋಗಿ ಸುಳ್ಳು ಹೇಳಿದೆ.

ಕ್ಯಾಂಟೀನಿನಲ್ಲಿ ನನಗೆ ರೇಗಿಹೋಯಿತು. ಮೊದಲೇ ನನ್ನ ಕೋಪ ಮೂಗಿನ ತುದಿಯಲ್ಲಿ. "ಆ ಶ್ರೀ ತೆಗ್ದುಹಾಕಿ ಅಕ್ಕಾ! ಕೆಲ್ಸ ಹೋದ್ಮೇಲೆ ಅದು ಅನ್ನ ಹಾಕುತ್ತಾ?"

"ಶ್ರೀ ಇಲ್ದೆ ನಾನು ಒಂದಕ್ಷರಾನೂ ಬರ್ದವಳಲ್ಲ ಕಣೇ," ಎಂದು ಬಿಕ್ಕಿ ಬಿಕ್ಕಿ ಅತ್ತರು.

ಮರುದಿನ ಒಂದೊಂದೇ ಫೈಲಿನಿಂದ ನಾನು ಶ್ರೀ ಅಳಿಸುತ್ತ ಹೋದೆ. ಪಕ್ಕದಲ್ಲಿ ಕುಳಿತು ಅವರು ಪ್ರತಿಸಲವೂ ಗಲ್ಲ ಬಡಿದುಕೊಂಡರು. ಅಂದಿನಿಂದ ಎಂಟರ್ ಒತ್ತುವ ಮೊದಲು ಬಾಯಲ್ಲೇ "ಶ್ರೀ" ಅನ್ನುವುದು ರೂಢಿಯಾಯಿತು. ಕೇಳಿದ ಫೈಲು ಥಟ್ಟನೆ ಬರುತ್ತಿತ್ತು, ಮ್ಯಾನೇಜರಿಗೆ ಅನುಮಾನವೇ ಬರಲಿಲ್ಲ.

ಮಗಳ ಕೊನೆಯ ಪರೀಕ್ಷೆ ಇನ್ನೂ ದೂರವಿತ್ತು. ಒಂದು ಮಧ್ಯಾಹ್ನ ಅಕ್ಕ ಅಕ್ಷರಗಳನ್ನು ಬಡಿದು, "ಶ್ರೀ" ಎಂದು ಎಂಟರ್ ಒತ್ತಿ, ಕಾದರು. ಕಾದೇ ಕಾದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಬಂತೇನೇ?"

ಫೈಲು ಅವರ ಮೂಗಿನೆದುರಿಗೇ ತೆರೆದುಕೊಂಡಿತ್ತು. ನನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡೆ.

"ಬಂತು ಅಕ್ಕಾ. ನಾನು ಓದ್ತೀನಿ, ನೀವು ಬಡೀರಿ."

ಆ ಪರೀಕ್ಷೆ ಮುಗಿಯುವವರೆಗೂ ಹಾಗೆಯೇ ನಡೆಸಿದೆವು. ಆಮೇಲೆ ಅವರೇ ರಾಜೀನಾಮೆ ಕೊಟ್ಟರು.

ಅಕ್ಕ ತೀರಿಹೋಗಿ ವರ್ಷಗಳಾದವು. ನನಗೇನೂ ಅಂಥ ದೈವಭಕ್ತಿಯಿಲ್ಲ. ಆದರೂ ಎಂಟರ್ ಒತ್ತುವ ಮೊದಲು ನನ್ನ ಬಾಯಿ ತಾನಾಗಿ "ಶ್ರೀ" ಅನ್ನುತ್ತದೆ. ಫೈಲು ತೆರೆದ ಮೇಲೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, "ಬಂತು ಅಕ್ಕಾ" ಎನ್ನುತ್ತೇನೆ.