ಅಂಗೈ ಕೆಳಗಿನ ಅಂಗೈ

ಎಂಬತ್ತರ ದಶಕದಲ್ಲಿ ಜೇವರ್ಗಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಮಗೆ ನರ್ಸ್ ಕೆಲಸ ಕಲಿಸಿದ ಸಿಸ್ಟರಮ್ಮ, ಮುದುಕರ ಹಾಸಿಗೆಯ ಬಳಿ ಹೋದಾಗಲೆಲ್ಲ ಕಾಲಿನಿಂದಲೇ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. “ವಯಸ್ಸಾದವ್ರಿಗೆ ನಿಂತು ಕೇಳಬ್ಯಾಡ್ರಿ, ಕುಂತು ಕೇಳ್ರಿ” ಎನ್ನುತ್ತಿದ್ದರು. ನಮಗೆ ಕೂರಲು ಪುರುಸೊತ್ತೆಲ್ಲಿ?

ಒಮ್ಮೆ ಘತ್ತರಗಿಯ ಅಜ್ಜಿಯೊಬ್ಬಳು ಲಕ್ವ ಹೊಡೆದು ಬಂದಳು. ಎಡಗೈಯಲ್ಲಿ ಶಕ್ತಿಯೇ ಇರಲಿಲ್ಲ. ಎರಡು ದಿನವಾದರೂ ಗಂಜಿ ಮುಟ್ಟಲಿಲ್ಲ. ‘ಹಸಿವಿಲ್ಲ’ ಎಂದು ಅವಳ ಚೀಟಿಯಲ್ಲಿ ಬರೆದವಳು ನಾನೇ. ಅದನ್ನು ನೋಡಿ ಡಾಕ್ಟರು ಮೂಗಿಗೆ ನಳಿಕೆ ಹಾಕೋಣ ಎಂದರು.

ಸಿಸ್ಟರಮ್ಮ ಸ್ಟೂಲು ಎಳೆದು ಕೂತರು. “ಯಾಕ ಉಣವಲ್ರಿ ಆಯಿ?”

ಅಜ್ಜಿ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡಳು. “ಪೂಜಿ ಇಲ್ಲದ ಹ್ಯಾಂಗ ಉಣ್ಲಿ ಯವ್ವಾ? ಲಿಂಗ ಹಿಡಿಯೋ ಕೈನ ಏಳವಲ್ದು.”

ದಿನಾ ಲಿಂಗಪೂಜೆ ಮುಗಿಸಿಯೇ ಕೆಲಸಕ್ಕೆ ಬರುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ.

ಸಿಸ್ಟರಮ್ಮ ಕೈ ತೊಳೆದು ಬಂದು, ಅಜ್ಜಿಯ ಎಡ ಅಂಗೈಯನ್ನು ಕೆಳಗಿನಿಂದ ಎತ್ತಿ ಹಿಡಿದರು. ಪೂಜೆ ಮುಗಿಯುವವರೆಗೂ ಅಲುಗಲಿಲ್ಲ. ಆಮೇಲೆ ಅಜ್ಜಿ ಬಟ್ಟಲು ಬರಿದು ಮಾಡಿ, ನನ್ನ ಕಡೆ ನೋಡಿ, “ಉಪ್ಪು ಕಮ್ಮಿ ಆಗ್ಯಾದ ನೋಡವ್ವಾ” ಎಂದು ಗದರಿದಳು.

ಸಿಸ್ಟರಮ್ಮ ಎದ್ದು, ಸ್ಟೂಲನ್ನು ಕಾಲಿನಿಂದ ನನ್ನತ್ತ ತಳ್ಳಿದರು.

“ನಾಳಿಗಿ ನೀ ಹಿಡಿ.”