ದುರುಗಮ್ಮನ ಕೈಯಾಗಿನ ತೊಟ್ಟಿಲು

ದೇವದುರ್ಗದ ಹಣಮಮ್ಮನ ಹತ್ರ ಹಚ್ಚಿ ಹಾಕಿಸ್ಕೊಳ್ಳಾಕ ಬಂದ ಹುಡುಗ್ಯಾರ ಕೈಗೆ ಮೊದಲು ಒಂದು ಅರಿವಿ ಗಂಟು ಸಿಗ್ತಿತ್ತು. "ಕೂಸು ಎತ್ತಿಕೊಂಡಂಗ ಎತ್ತಿಕೋ" ಅಂತಿದ್ಳು. ಆಮ್ಯಾಲ "ಇಳಿಸು, ಕೈ ಚಾಚು." ಮತ್ತ "ಎತ್ತಿಕೋ." ಹುಡುಗ್ಯಾರು ಕಿಸಕ್ಕಂತ ನಕ್ಕು ಒಬ್ಬರ ಮಾರಿ ಒಬ್ಬರು ನೋಡ್ತಿದ್ರು. ಇಕಿಗೆ ತಲಿ ಕೆಟ್ಟದ ಅಂತ ಆಡಿಕೊಂಡೋರೂ ಇದ್ರು. ಆಡಿಕೊಳ್ಳೋರಿಗೇನು, ಬಾಡಿಗಿ ಕೊಡಬೇಕಾ? ಹಣಮಮ್ಮ ಮಾತ್ರ ಮೊಣಕೈ ಕೆಳಗ ಹೆಬ್ಬೆರಳು ಊರಿ, ತೊಗಲು ಎತ್ತ ಸರೀತದ, ಎಲ್ಲಿ ಸರಿಯಂಗಿಲ್ಲ ಅಂತ ನೋಡಿಕೋತ ಕುಂದ್ರತಿದ್ಳು. ಯಾಕ ಅಂತ ಕೇಳಿದ್ರ ಹೇಳ್ತಿರಲಿಲ್ಲ. ಅದರ ಕತಿ ಇಲ್ಲಿ ಹೇಳೂದದ, ಕೇಳ್ರಿ.

ಆಕಿಗೆ ಈ ಕೆಲಸ ಕಲಿಸಿದಾಕಿ ಅತ್ತಿ ಮುದುಕಮ್ಮ. ಔಡಲೆಣ್ಣಿ ದೀಪದ ಮ್ಯಾಲ ಹೊಸ ಗಡಿಗಿ ಬೋರಲ ಹಾಕಿ ಕಾಡಿಗಿ ಹಿಡಿಯೋದು, ಸೂಜಿ ಜೋಡಿಸಿ ದಾರ ಸುತ್ತೋದು, ನೋವು ಮರೀಲಿ ಅಂತ ಪದ ಹಾಡಿಕೋತ ಚುಚ್ಚೋದು, ಎಲ್ಲಾ ಕಲಿಸಿದ್ಳು. ಒಂದು ಮಾತಂತೂ ಕಿವಿ ತೂತು ಬೀಳೋಹಂಗ ಹೇಳ್ತಿದ್ಳು. "ಕೈ ನೆಟ್ಟಗ ಚಾಚಿಸಿ ನಿನ್ನ ತೊಡಿಮ್ಯಾಲ ಇಟ್ಕೋ. ಅತ್ರ ಅಳಲಿ, ಕೈ ಬಿಡಬ್ಯಾಡ. ಸತ್ತಾಗ ಮೈಮ್ಯಾಲಿನ ಬೆಳ್ಳಿ ಬಂಗಾರ ಬಿಚ್ಕೋತಾರ. ಇದನ್ನ ಬಿಚ್ಚಾಕ ಯಾರಿಗೂ ಬರಂಗಿಲ್ಲ."

ದೊಡ್ಡ ಲಡಾಯಿ ಸುರುವಾದ ಮರುವರ್ಷ ಮುದುಕಮ್ಮನ ಮಗಳು ದುರುಗಮ್ಮನ್ನ ಮಾನ್ವಿಯ ಬೂದೆಪ್ಪಗ ಕೊಡೋದು ಗಟ್ಟಿ ಆತು. ಹಚ್ಚಿ ಇಲ್ಲದ ಸೊಸಿ ಕೊಟ್ಟ ನೀರು ಕುಡಿಯದ ಮನೆತನ ಅದು. ಮುದುಕಮ್ಮಗ ಆಗಲೇ ಕಣ್ಣಿಗೆ ಪೊರಿ ಬಂದಿತ್ತು. "ನೀನ ಹಾಕವ್ವಾ, ನಿನ್ನ ನಾದಿನಿ ಕೈ" ಅಂತ ಸೊಸಿಗೆ ಬಿಟ್ಟು ಹೊರಗ ಕಟ್ಟಿಮ್ಯಾಲ ಕುಂತಳು. ಹಣಮಮ್ಮ ಅಲ್ಲೀತನಕ ಚುಕ್ಕಿ, ಚೇಳು ಹಾಕಿದಾಕಿ. ಮದಿವಿ ಹುಡುಗ್ಯಾರಿಗೆ ಹಾಕೋ ತೊಟ್ಟಿಲು ಅದೇ ಮೊದಲು.

ದುರುಗಮ್ಮ ನೋವು ತಡಿಯೋ ಜೀವ ಅಲ್ಲ. ಮೊದಲ ಚುಚ್ಚಿಗೇ ಬಲಗೈ ಮಡಚಿ ಎದಿಗೆ ಅವಚಿಕೊಂಡಳು. "ಅತ್ತಿಗಿ, ಹಿಂಗ ಇಟ್ಕೋತೀನಿ, ಹಿಂಗ ಹಾಕಬೇ" ಅಂತ ಅತ್ತಳು. ಹಣಮಮ್ಮ ಆಕಿ ಕೈ ಜಗ್ಗಲಿಲ್ಲ. ಅತ್ತಿ ಮಾತು ಗಾಳಿಗೆ ತೂರಿ ಮಡಚಿದ ಕೈಮ್ಯಾಲನ ಹಾಕಿ ಮುಗಿಸಿದ್ಳು. ಬಾವು ಇಳಿದು, ಹಕ್ಕಳಿ ಉದುರಿ, ದುರುಗಮ್ಮ ಕೈ ಇಳಿಬಿಟ್ಟಾಗ ನೋಡ್ತಾರ, ತೊಟ್ಟಿಲು ವಾರಿ ಆಗ್ಯದ. ಒಂದು ಹಗ್ಗ ಉದ್ದ, ಒಂದು ಗಿಡ್ಡ. ಒಳಗ ಕೂಸಿದ್ರ ಉರುಳಿ ಬೀಳಬೇಕು. ತನ್ನ ಕೈ ನಡುಗಿ ಗೆರಿ ಕೆಟ್ಟಿತು ಅಂತ ಹಣಮಮ್ಮ ತಿಳಕೊಂಡ್ಳು. ಬ್ಯಾರೆ ಏನೂ ಆಕಿಗೆ ಹೊಳೀಲಿಲ್ಲ.

ಮದಿವಿ ಆತು, ವರ್ಷಗಳು ಹೋದವು, ದುರುಗಮ್ಮಗ ಮಕ್ಕಳಾಗಲಿಲ್ಲ. ಮಾನ್ವಿ ಹೆಣ್ಮಕ್ಕಳಿಗೆ ನೆಪ ಕೈಮ್ಯಾಲೇ ಇತ್ತಲ್ಲ. "ವಾರಿ ತೊಟ್ಟಿಲದಾಗ ಯಾವ ಕೂಸು ನಿಂತೀತು?" ಅಂದ್ರು. ಆ ಮಾತು ಸಂತಿ ಬಂಡಿ ಏರಿ ದೇವದುರ್ಗಕ್ಕೂ ಬಂತು. ಅವತ್ತು ಹಣಮಮ್ಮ ರೊಟ್ಟಿ ಬಡಿಯೋದು ಬಿಟ್ಟು ಸೂಜಿ ಚೀಲ ತಗದು ಕುಂತಳು. ಹಾಕಿದ್ದನ್ನ ಅಳಸಾಕ ಬರಂಗಿಲ್ಲ. ಆದ್ರ ಕೈ ಪಳಗಿದ್ರ, ಅದರ ಮ್ಯಾಲ ಇನ್ನೊಂದಿಷ್ಟು ಗೆರಿ ಕೂಡಿಸಿ ಒಂದಿನ ಅದನ್ನ ನೆಟ್ಟಗ ಮಾಡ್ತೀನಿ ಅಂತ ಮನಸ್ಸಿನಾಗ ಗಂಟು ಹಾಕ್ಕೊಂಡಳು.

ಅಲ್ಲಿಂದ ಆಕಿ ಕಲ್ತ ರೀತಿಗೆ ಮುದುಕಮ್ಮನೂ ಅಂಜಿದ್ಳು. ಎಳಿ ಸೌತಿಕಾಯಿ, ಬದನಿಕಾಯಿ ಸಿಪ್ಪಿಮ್ಯಾಲ ತೊಟ್ಟಿಲು. ಕಾಯಿ ಸಾಲದಾದಾಗ ತನ್ನ ತೊಡಿಮ್ಯಾಲ ತೊಟ್ಟಿಲು. ಲಡಾಯಿ ಕಾಲಕ್ಕ ಒಳ್ಳೆ ಸೂಜಿ ಸಿಗದಾದವು. ರಾಯಚೂರಿಗೆ ಹೋಗಿ ಬಜಾರದ ಅಮೀರ್ ಸಾಬ್‌ನ ಅಂಗಡ್ಯಾಗ ಡಬ್ಬಿಗಟ್ಟಲೆ ಸುರಿಸಿ, ಒಂದೊಂದನ್ನ ಉಗುರಿಗೆ ತಿಕ್ಕಿ ನೋಡಿ ಆರಿಸ್ತಿದ್ಳು. "ಯವ್ವಾ, ಸೂಜಿಗೆ ಕನ್ಯಾ ನೋಡಾಕತ್ತೀ ಏನು?" ಅಂತ ಸಾಬ್ ಚಾಷ್ಟಿ ಮಾಡ್ತಿದ್ದ. ಗಬ್ಬೂರು, ಜಾಲಹಳ್ಳಿ, ಯರಗೇರಾದ ಹುಡುಗ್ಯಾರು ಬಂಡಿ ಕಟ್ಟಿಸಿಕೊಂಡು ಬರಾಕತ್ತಿದ್ರು. ಹಣಮಮ್ಮನ ಗೆರಿ ಅಂದ್ರ ಗೆರಿ ಅಂತ ಹೆಸರಾತು. ಹೊಗಳಿದ್ರ ಆಕಿ ಹಿಗ್ಗಲಿಲ್ಲ. ಯಾವ ಕೈ ಹಿಡಿದ್ರೂ ಮನಸ್ಸು ಮಾನ್ವಿಯ ಆ ಒಂದು ಕೈಮ್ಯಾಲ.

ಕಡಿಗೆ ದಾರಿ ಹೊಳೀತು. ತೊಟ್ಟಿಲದ ಮ್ಯಾಲ ಒಂದು ಗಿಡದ ಟೊಂಗಿ ಹಾಕಿ, ಗಿಡ್ಡ ಹಗ್ಗದ ಕಡಿಗೆ ಟೊಂಗಿ ಬಾಗಿಸಿದ್ರ ವಾರಿ ಕಾಣಂಗಿಲ್ಲ. ಸಿಪ್ಪಿಮ್ಯಾಲ ಹಾಕಿ ಹಾಕಿ ಅದು ಕೈಗೆ ಕುಂತಿತು. ಅಷ್ಟೊತ್ತಿಗೆ ಬೂದೆಪ್ಪ ಬಸ್ಸಮ್ಮ ಅನ್ನಾಕಿನ್ನ ಎರಡನೇದಾಕಿ ಮಾಡಿಕೊಂಡಾನ ಅಂತ ಸುದ್ದಿ ಬಂತು. ಹಣಮಮ್ಮ ಹೊರಡಬೇಕಂದ್ರ ರಜಾಕಾರರ ಗದ್ದಲ, ಹಾದಿ ಬಂದ್. ಎಲ್ಲಾ ತಣ್ಣಗಾದ ಮರುವರ್ಷ ಸಿರವಾರದ ಹಾದಿ ಹಿಡಿದು ಮಾನ್ವಿಗೆ ಬಂದ್ಳು. ಅಷ್ಟರಾಗ ಬಸ್ಸಮ್ಮ ಗಂಡು ಹಡೆದಿದ್ಳು.

ಮನ್ಯಾಗ ದುರುಗಮ್ಮ ಒಬ್ಬಾಕೀನೇ ಇದ್ಳು. ಬಸ್ಸಮ್ಮ ಹೊಲಕ್ಕ ಹೋಗಿದ್ಳು. ನೀರು ಕೊಟ್ಟು, ಕ್ಷೇಮ ಕೇಳಿ ಆದ ಮ್ಯಾಲ ಹಣಮಮ್ಮ ಸೂಜಿ ಚೀಲ ಬಿಚ್ಚಿದ್ಳು.

"ಕೈ ಕೊಡವ್ವಾ. ಅವತ್ತು ಕೆಡಿಸಿದ್ದು ಇವತ್ತು ಸರಿ ಮಾಡ್ತೀನಿ. ಇದಕ್ಕಂತನ ಇಷ್ಟು ವರ್ಷ ಕಲ್ತೀನಿ."

"ಈಗ್ಯಾಕ ಅತ್ತಿಗಿ? ಮಂದಿ ಅನ್ನೋದೆಲ್ಲ ಅಂದು ಮುಗಿಸ್ಯಾರ."

"ಮಂದಿಗಲ್ಲ. ನನ್ನ ಸಲುವಾಗಿ."

ದುರುಗಮ್ಮ ಕೈ ಚಾಚಿದ್ಳು. ಹಣಮಮ್ಮ ಕಾಡಿಗಿ ಕಲಸಿದ್ಳು. ಅಷ್ಟರಾಗ ಒಳಗ ಬಸ್ಸಮ್ಮನ ಕೂಸು ಚೀರಿತು. ದುರುಗಮ್ಮ ಎದ್ದು ಹೋಗಿ, ಅದನ್ನ ಬಲಗೈ ಮಡಿಕ್ಯಾಗ ಇಟ್ಕೊಂಡು ಬಂದು ಎದುರಿಗೆ ಕುಂತಳು.

ಹಣಮಮ್ಮ ಕಾಡಿಗಿ ಬಟ್ಟಲು ಕೆಳಗಿಟ್ಟಳು. ಕೂಸಿನ ಬೆನ್ನಿಗೆ ಆತಿದ್ದ ಆ ಕೈಮ್ಯಾಲ ತೊಟ್ಟಿಲು ನೆಟ್ಟಗಿತ್ತು. ಎರಡೂ ಹಗ್ಗ ಸಮ. ಟೊಂಗಿ ಬೇಕಿರಲಿಲ್ಲ, ಏನೂ ಬೇಕಿರಲಿಲ್ಲ. ಮಡಚಿದ ಕೈಮ್ಯಾಲ ಹಾಕಿದ್ದು ಮಡಚಿದಾಗಷ್ಟ ಸರಿ ಇತ್ತು. ಗೆರಿ ಅವತ್ತೂ ನಡುಗಿರಲಿಲ್ಲ. ಎಂಥಾ ದಡ್ಡಿ ನಾನು ಅಂದ್ಕೊಂಡ್ಳು. ಇಷ್ಟು ವರ್ಷ ಗೆರಿ ಕಲ್ತಿದ್ಳು, ಕೈ ಕಲ್ತಿರಲಿಲ್ಲ.

"ದುರುಗವ್ವಾ, ನಿನ್ನ ತೊಟ್ಟಿಲು..."

"ನೋಡೀನಿ ಅತ್ತಿಗಿ. ಇವನ್ನ ಮೊದಲ ಎತ್ತಿಕೊಂಡ ದಿನಾನ ನೋಡೀನಿ." ದುರುಗಮ್ಮ ತಲಿ ಎತ್ತಲಿಲ್ಲ. ಕೂಸಿನ ಮಾರಿ ನೋಡಿಕೋತ ಅಂದ್ಳು, "ಹೆತ್ತಾಕಿ ಬಂದು ಇಸ್ಕೊಂಡ್ರ ಮತ್ತ ವಾರಿ ಆಗತದ."

ಇದಕ್ಕ ತನ್ನ ಹತ್ರ ಸೂಜಿ ಇಲ್ಲ ಅಂತ ಗೊತ್ತಾಗಿ, ಹಣಮಮ್ಮ ಬಿಚ್ಚಿದ ಚೀಲಕ್ಕ ದಾರ ಸುತ್ತಿದ್ಳು.

ಹೊತ್ತು ಇಳಿಯೋದ್ರಾಗ ಬಸ್ಸಮ್ಮ ಹೊಲದಿಂದ ಬಂದ್ಳು. ಕಾಲು ತೊಳಕೊಂಡು, ಕೂಸಿಗಂತ ಕೈ ಮುಂದ ಮಾಡಿದಾಕಿ ಇಬ್ಬರ ಮಾರಿ ನೋಡಿ ನಿಂತಳು. ಏನು ತಿಳೀತೋ ಏನೋ, ಚಾಚಿದ ಕೈ ಸೆರಗಿಗೆ ಒರಸಿಕೊಂಡಳು.

"ಇರಲಿ ಅಕ್ಕಾ, ನಿನ್ನ ಹತ್ರನ ಇರಲಿ. ನಾ ರೊಟ್ಟಿ ಬಡೀತೀನಿ" ಅಂತ ಒಳಗ ಹೋದ್ಳು.

ಅವತ್ತು ದುರುಗಮ್ಮ ಕೂಸನ್ನ ಲಗೂನ ಕೆಳಗ ಇಳಿಸಲಿಲ್ಲ. ಹಣಮಮ್ಮ ಆ ಕೈ ನೋಡಿಕೋತ ಅಲ್ಲೇ ಕುಂತಿದ್ಳು.