ಅಂಗಿಯ ಒಳಮೈಯ ಜಗಳ

ಮೊನ್ನೆ ಹಳೆಯ ಗುಂಡಿಗಳ ಡಬ್ಬಿ ಕೊಡವಿದಾಗ ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡೊಂದು ಬಿತ್ತು. ಅದರ ಹಿಂದೆಯೇ ಅರವತ್ತರ ದಶಕದ ಹೊಸನಗರ ಪೇಟೆ, ಅಲ್ಲಿದ್ದ ನಮ್ಮ ಅಬ್ಬಾ ಮತ್ತು ಚಾಚಾರ ಹೊಲಿಗೆ ಅಂಗಡಿ, ಅವರ ಜಗಳ, ಎಲ್ಲ ಎದ್ದು ಬಂದವು.

ಅಬ್ಬಾ ಸಮಾಜವಾದಿ. ಉಳುವವನಿಗೇ ಭೂಮಿ ಎಂದು ಸಾಗರದವರೆಗೆ ಮೆರವಣಿಗೆ ಹೋದವರು. ಅವರ ತಮ್ಮ, ನನ್ನ ಚಾಚಾ, ಆಳುವ ಪಕ್ಷದ ಬಿಳಿ ಟೋಪಿಯವರು. ನಮಾಜು ಮಸೀದಿಯಲ್ಲಿ, ಓಟು ಅವರವರ ಬುದ್ಧಿಗೆ ಬಿಟ್ಟದ್ದು ಎಂಬಷ್ಟರಲ್ಲಿ ಮಾತ್ರ ಇಬ್ಬರೂ ಒಂದು. ಚುನಾವಣೆ ಬಂತೆಂದರೆ ಮಾತು ಬಂದ್! ಆದರೆ ಅಬ್ಬಾ ಕತ್ತರಿಸಿದ್ದನ್ನು ಚಾಚಾ ತಾನೇ ಹೊಲಿಯಬೇಕು? ಹಾಗಾಗಿ ಹೇಳಬೇಕಾದ್ದನ್ನು ಬಟ್ಟೆಯ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದರು. ಅಬ್ಬಾ ಬರೆದದ್ದೊಂದು: ‘ತೋಳು ಗಿಡ್ಡ ಇರಲಿ. ನಿಮ್ಮ ಮಂತ್ರಿ ಭಾಷಣದ ಹಾಗೆ ಎಳೀಬೇಡ.’ ಒಮ್ಮೆ ಒರೆಸಲು ಮರೆತು ಆ ಸಾಲು ನಮ್ಮ ಹೆಡ್‌ಮಾಸ್ಟರರ ಜುಬ್ಬದೊಳಗೆ ಅವರ ಮನೆಗೇ ಹೋಯಿತು. ಶಾಲೆಯಲ್ಲಿ ನಾನು ಮುಖ ಎಲ್ಲಿಟ್ಟುಕೊಳ್ಳಲಿ, ನೀವೇ ಹೇಳಿ!

ಒಂದು ಚುನಾವಣೆಯ ಹೊತ್ತಿಗೆ ರಂಜಾನೂ ಬಂತು. ಆಗ ತೀರ್ಥಹಳ್ಳಿಯಿಂದ ಮರದ ನಾಟಾ ವ್ಯಾಪಾರದ ಸಾಹುಕಾರರೊಬ್ಬರು ಅಂಗಡಿಗೆ ಬಂದರು. ನಮ್ಮ ಜನರಲ್ಲಿ ಅವರ ಮಾತು ನಡೆಯುತ್ತಿತ್ತು. ನಮ್ಮ ಮನೆ ನಡೆಯುತ್ತಿದ್ದದ್ದು ಹಬ್ಬದ ಹೊಲಿಗೆಯಿಂದ, ಅದೂ ಅವರಿಗೆ ಗೊತ್ತಿತ್ತು.

“ಅಣ್ಣ ತಮ್ಮ ಹಿಂಗೆ ಕಿತ್ತಾಡಿದ್ರೆ ನಮ್ಮ ಜನಕ್ಕೆ ಮರ್ಯಾದೆ ಉಳೀತದಾ? ಒಂದಾಗಿ. ನಾನು ಹೇಳಿದ ಕಡೆಗೇ ಎಲ್ರೂ ಓಟು ಹಾಕ್ಬೇಕು ಅಂತ ಇಬ್ರೂ ಹೇಳಿ. ಇಲ್ಲಾಂದ್ರೆ ಹಬ್ಬದ ಬಟ್ಟೆ ಹೊಲಿಯೋರು ತೀರ್ಥಹಳ್ಳೀಲೂ ಇದಾರೆ.”

ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದ ನಾನು ಸೂಜಿ ಬಿಟ್ಟು ಅಬ್ಬಾರ ಕಡೆ ನೋಡಿದೆ.

ಹದಿನೈದು ದಿನದಿಂದ ಅಣ್ಣನ ಹತ್ತಿರ ಮಾತಾಡದಿದ್ದ ಚಾಚಾ ಮೆಷಿನ್ ನಿಲ್ಲಿಸಿದರು. “ಭಾಯ್, ನೀವು ಹೇಳ್ತೀರಾ, ನಾನು ಹೇಳ್ಲಾ?”

“ನೀನೇ ಹೇಳು. ಭಾಷಣ ನಿಂಗೇ ಚೆನ್ನಾಗಿ ಬರ್ತದೆ,” ಎಂದರು ಅಬ್ಬಾ.

“ಸಾಹುಕಾರ್ರೇ, ನಮ್ಮಣ್ಣ ಹೇಳೋದೆಲ್ಲ ತಪ್ಪು. ಆದ್ರೆ ಅವ್ರ ತಪ್ಪು ಅವ್ರ ಸ್ವಂತದ್ದು, ಯಾರೂ ಹೇಳ್ಕೊಟ್ಟಿದ್ದಲ್ಲ. ನಮ್ಮ ಜಗಳ ನಮಗಿರ್ಲಿ. ಇಲ್ಲಿ ಬಟ್ಟೆ ಹೊಲೀತೀವಿ, ಓಟು ಹೊಲಿಯಲ್ಲ.”

ಸಾಹುಕಾರರು ಹೇಳಿದ್ದನ್ನು ಮಾಡಿ ತೋರಿಸಿದರು. ಆ ರಂಜಾನಿಡೀ ಮೇಜು ಖಾಲಿ. ಅಮ್ಮಿ ಇಬ್ಬರಿಗೂ ಬೈದಳು, ಅತ್ತಳು. ಒಲೆ ಉರಿಸಬೇಕಾದವಳು ಅವಳು, ಬೈಯದೆ ಇನ್ನೇನು ಮಾಡಿಯಾಳು? ಹಬ್ಬಕ್ಕೆ ಹೊಸ ಬಟ್ಟೆಯಿಲ್ಲವೆಂದು ನಾನೂ ಮುಖ ಊದಿಸಿಕೊಂಡಿದ್ದೆ. ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ಅಬ್ಬಾ ನನಗೊಂದು ಅಂಗಿ ಕತ್ತರಿಸಿದರು, ಚಾಚಾ ಹೊಲಿದರು. ತಿರುವಿ ನೋಡಿದೆ. ಬೆನ್ನಿನ ಒಳಗಡೆ ಅಬ್ಬಾರ ಅಕ್ಷರ: ‘ಆದರೂ ನನ್ನ ಓಟು ನಿನ್ನ ಪಕ್ಷಕ್ಕಿಲ್ಲ.’ ಕೆಳಗೆ ಚಾಚಾರದ್ದು: ‘ಗೊತ್ತು. ಕತ್ತರಿಸಿದ್ದು ಚೆನ್ನಾಗಿದೆ.’

ಒರೆಸಲು ಬಂದ ಅಮ್ಮಿಗೆ ಅಂಗಿ ಮುಟ್ಟಲು ಬಿಡಲಿಲ್ಲ. ಆ ಎರಡು ಸಾಲು ಬೆನ್ನಿಗಿಟ್ಟುಕೊಂಡು ಹಬ್ಬದ ದಿನ ಪೇಟೆಯೆಲ್ಲ ಸುತ್ತಿದೆ. ಅಂಥ ಹೆಮ್ಮೆ ಆಮೇಲೆ ಉಟ್ಟ ಯಾವ ರೇಷ್ಮೆ ಸೀರೆಯೂ ಕೊಟ್ಟಿಲ್ಲ.

ಸೀಮೆಸುಣ್ಣ ಇನ್ನೂ ಕೈಯಲ್ಲೇ ಇತ್ತು, ಒಳಗೆ ಮಗಳೂ ಸೊಸೆಯೂ ಓಟಿನ ವಿಚಾರಕ್ಕೆ ಜೋರುಜೋರಾಗಿ ಶುರುಮಾಡಿದರು. ‘ಮೆಲ್ಲಗೆ, ಪಕ್ಕದ ಮನೆಗೆ ಕೇಳ್ತದೆ’ ಎಂದು ಓಡಿಹೋಗಿ ಕಿಟಕಿ ಮುಚ್ಚುವುದು ನನ್ನ ಎಷ್ಟೋ ವರ್ಷದ ಅಭ್ಯಾಸ. ಮೊನ್ನೆಯೂ ಎದ್ದು ಹೋದೆ. ಕಿಟಕಿ ಅರ್ಧ ಮುಚ್ಚಿತ್ತು, ಪೂರ್ತಿ ತೆರೆದು ಬಂದೆ.